ಎರಡು ಕೋರ್, ಒಂದೇ ಫ್ಲ್ಯಾಶ್: ಫೈಲ್ ಕೆಡುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಎರಡು ಕೋರ್ (ಪ್ರೋಗ್ರಾಮ್ ಓಡಿಸುವ ಘಟಕ) ಇರುವ ಮೈಕ್ರೋಕಂಟ್ರೋಲರ್ ಬೋರ್ಡ್, ಫೈಲ್ ಇಡಲು ಒಂದೇ ಫ್ಲ್ಯಾಶ್ ಮೆಮೊರಿ. ಒಂದು ಕೋರ್ ಮಾತ್ರ ಓಡುವಾಗ ಎಲ್ಲವೂ ಸರಿ ಇರುತ್ತದೆ. ಎರಡನೇ ಕೋರ್ ಎಬ್ಬಿಸಿದ ಮೇಲೆ ಕಾಟ ಶುರು. ಕಾನ್ಫಿಗ್ ಫೈಲ್ ಒಮ್ಮೊಮ್ಮೆ ಖಾಲಿ ಬರುತ್ತದೆ, ಲಾಗ್ ಫೈಲಿನ ಮಧ್ಯೆ ಕಸ ಕಾಣುತ್ತದೆ, ಫ್ಲ್ಯಾಶ್ ಎರೇಸ್ (ಅಳಿಸುವುದು) ನಡೆಯುವಾಗ ಬೋರ್ಡ್ ಹಾಗೇ ನಿಂತುಬಿಡುತ್ತದೆ, ಇಲ್ಲವೇ ವಾರಗಟ್ಟಲೆ ಚೆನ್ನಾಗಿ ಓಡಿ ಒಂದು ದಿನ ಫೈಲ್ ಸಿಸ್ಟಮ್ ಮೌಂಟ್ ಆಗುವುದೇ ಇಲ್ಲ, ಅಂದರೆ ಬಳಕೆಗೆ ತೆರೆದುಕೊಳ್ಳುವುದೇ ಇಲ್ಲ. ಆಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಚಿಪ್ ಕೆಟ್ಟಿದೆ". ಎರಡನೇ ಮಾತು "ಫೈಲ್ ಸಿಸ್ಟಮ್‌ನಲ್ಲಿ ಬಗ್ ಇದೆ". ಎರಡೂ ನಿಜವಾಗುವುದು ಅಪರೂಪ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ಒಂದು ಫ್ಲ್ಯಾಶ್‌ಗೆ ಇಬ್ಬರು ಯಜಮಾನರು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಾ ಹೋಗುತ್ತೇವೆ. ಯಾವ ಕೋರ್, ಯಾವ ಹೊತ್ತಿನಲ್ಲಿ, ಯಾವ ವಿಳಾಸವನ್ನು ಮುಟ್ಟಿತು? ಇದಕ್ಕೆ ಉತ್ತರ ಸಿಕ್ಕರೆ ದೋಷ ಸಿಕ್ಕ ಹಾಗೆಯೇ. ಮುಖ್ಯವಾಗಿ ಹೊರಗಿನ ಎಸ್‌ಪಿಐ ನಾರ್ ಫ್ಲ್ಯಾಶ್ (ಎಸ್‌ಪಿಐ ಅನ್ನುವ ಕೆಲವೇ ತಂತಿಗಳ ಸಂಪರ್ಕದಲ್ಲಿ ಕೂರುವ ಬೇರೆ ಚಿಪ್) ಬಗ್ಗೆ ಬರೆದಿದ್ದೇನೆ, ಯಾಕೆಂದರೆ ಜಾಸ್ತಿ ಬೋರ್ಡ್‌ಗಳಲ್ಲಿ ಇರುವುದು ಅದೇ.

ಮೊದಲು ಸಾಕ್ಷಿ ಉಳಿಸಿಕೊಳ್ಳಿ

ಕೋಡ್‌ನಲ್ಲಿ "ಮೌಂಟ್ ಆಗದಿದ್ದರೆ ಫಾರ್ಮ್ಯಾಟ್ ಮಾಡು" ಅನ್ನುವ ಎರಡು ಸಾಲು ಇದೆಯಾ ನೋಡಿ. ಬಹಳ ಕಡೆ ಇರುತ್ತದೆ, ಉದಾಹರಣೆ ಕೋಡ್‌ನಿಂದ ಬಂದಿರುತ್ತದೆ. ಅದನ್ನು ಈಗಲೇ ತೆಗೆಯಿರಿ. ಅದು ಇರುವವರೆಗೆ ದೋಷ ಬಂದಾಗಲೆಲ್ಲ ಬೋರ್ಡ್ ತನ್ನ ಗಾಯವನ್ನು ತಾನೇ ಒರೆಸಿಹಾಕುತ್ತದೆ, ನಿಮಗೆ ಕಾಣುವುದು ಖಾಲಿ ಫೈಲ್ ಸಿಸ್ಟಮ್ ಮಾತ್ರ. ಅದರ ಬದಲು ಮೌಂಟ್ ಸೋತರೆ ಎರಡೂ ಕೋರ್ ನಿಲ್ಲಬೇಕು, ಎಲ್‌ಇಡಿ ಮಿನುಗಬೇಕು, ಅಷ್ಟೇ.

ಆಮೇಲೆ ಡೀಬಗರ್ ಹಾಕಿ ಇಡೀ ಫ್ಲ್ಯಾಶ್ ಓದಿ ಒಂದು ಡಂಪ್ ಫೈಲ್ (ಒಳಗಿರುವುದರ ಯಥಾವತ್ ನಕಲು) ಮಾಡಿಟ್ಟುಕೊಳ್ಳಿ. ಎರಡು ಸಲ ಓದಿ, ಎರಡನ್ನೂ ಹೋಲಿಸಿ. ಎರಡು ಡಂಪ್ ಒಂದೇ ಥರ ಇಲ್ಲದಿದ್ದರೆ ಫೈಲ್ ಸಿಸ್ಟಮ್ ಬಗ್ಗೆ ಯೋಚಿಸುವುದೇ ಬೇಡ, ಓದುವುದರಲ್ಲೇ ತೊಂದರೆ ಇದೆ: ಕ್ಲಾಕ್ ವೇಗ ಜಾಸ್ತಿ, ಡಮ್ಮಿ ಸೈಕಲ್ (ಡೇಟಾ ಬರುವ ಮೊದಲು ಕಾಯುವ ಕ್ಲಾಕ್‌ಗಳು) ತಪ್ಪು, ವೈರಿಂಗ್ ಸರಿಯಿಲ್ಲ. ಕ್ಲಾಕ್ ಅರ್ಧಕ್ಕೆ ಇಳಿಸಿ ಮತ್ತೆ ಓದಿ. ಚಿಪ್ ಐಡಿ ಕೊಡುವ 9ಎಫ್ ಕಮಾಂಡ್ ಹತ್ತಾರು ಸಲ ಕೇಳಿದರೂ ಅದೇ ಉತ್ತರ ಬರಬೇಕು.

ಡಂಪ್ ಏನು ಹೇಳುತ್ತದೆ

ನಾರ್ ಫ್ಲ್ಯಾಶ್‌ನ ಒಂದು ಗುಣ ನಮಗೆ ಬಹಳ ಸಹಾಯ ಮಾಡುತ್ತದೆ. ಎರೇಸ್ ಮಾಡಿದರೆ ಎಲ್ಲ ಬಿಟ್ 1 ಆಗುತ್ತದೆ, ಅಂದರೆ ಪ್ರತಿ ಬೈಟ್ ಎಫ್‌ಎಫ್. ಬರೆಯುವುದು ಅಂದರೆ ಬೇಕಾದ ಬಿಟ್‌ಗಳನ್ನು 1ರಿಂದ 0ಗೆ ಇಳಿಸುವುದು. ವಾಪಸ್ 1 ಮಾಡಬೇಕಾದರೆ ಇಡೀ ಸೆಕ್ಟರ್ ಎರೇಸ್ ಆಗಬೇಕು, ಸಾಮಾನ್ಯವಾಗಿ 4 ಕಿಲೋಬೈಟ್. ಬರೆಯುವುದು 256 ಬೈಟ್‌ಗಳ ಪೇಜ್ ಲೆಕ್ಕದಲ್ಲಿ.

ಇದರಿಂದ ಏನಾಗುತ್ತದೆ ಅಂದರೆ, ಎರೇಸ್ ಇಲ್ಲದೆ ಒಂದೇ ಜಾಗಕ್ಕೆ ಇಬ್ಬರು ಬರೆದರೆ ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ. ಎರಡೂ ಒಂದರ ಮೇಲೊಂದು ಬಿದ್ದು, ಎರಡರಲ್ಲೂ 1 ಇದ್ದ ಬಿಟ್ ಮಾತ್ರ 1 ಆಗಿ ಉಳಿಯುತ್ತದೆ. ಇಂಗ್ಲಿಷ್ ದೊಡ್ಡಕ್ಷರ ಎ ಕೋಡ್ ಹೆಕ್ಸ್‌ನಲ್ಲಿ 41, ಬಿ ಕೋಡ್ 42. ಎರಡೂ ಒಂದೇ ಬೈಟ್ ಮೇಲೆ ಬಿದ್ದರೆ 40 ಉಳಿಯುತ್ತದೆ, ಅದು ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ. ಲಾಗ್ ಫೈಲ್ ಮಧ್ಯೆ ಅಕ್ಷರಗಳ ಬದಲು ಅಟ್ ಚಿಹ್ನೆ, ಖಾಲಿ ಜಾಗ, ಸೊನ್ನೆಗಳು ಜಾಸ್ತಿ ಕಂಡರೆ ಅದನ್ನು ಕಸ ಅಂತ ತಳ್ಳಿಹಾಕಬೇಡಿ. ಎರಡು ಬರವಣಿಗೆ ಒಂದೇ ಕಡೆ ಬಿದ್ದಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆ ಜಾಗಕ್ಕೆ ಯಾವ ಎರಡು ಸಂದೇಶ ಬಂದಿರಬಹುದು ಅಂತ ಊಹಿಸಿ, ಎರಡರ ಬಿಟ್‌ಗಳನ್ನು ಹೀಗೆ ಸೇರಿಸಿ ನೋಡಿ. ಡಂಪ್‌ನಲ್ಲಿರುವುದೇ ಬಂದರೆ ಕೇಸ್ ಅರ್ಧ ಮುಗಿಯಿತು.

ಇನ್ನು ಕೆಲವು ಗುರುತುಗಳು ಇವೆ. ಫೈಲ್ ಮಧ್ಯೆ ನೀಟಾಗಿ 256 ಬೈಟ್ ಎಫ್‌ಎಫ್ ಆಗಿ ಉಳಿದಿದ್ದರೆ ಒಂದು ಪೇಜ್ ಬರೆಯುವ ಕಮಾಂಡ್ ಕಳೆದುಹೋಗಿದೆ. ರೈಟ್ ಎನೇಬಲ್ (ಬರೆಯಲು ಅನುಮತಿ ಕೊಡುವ ಕಮಾಂಡ್) ಕೊಟ್ಟ ಮೇಲೆ, ಬರೆಯುವ ಮೊದಲು, ಇನ್ನೊಂದು ಕೋರ್ ಮಧ್ಯೆ ತನ್ನ ಬರೆಯುವ ಕೆಲಸ ಮುಗಿಸಿಕೊಂಡರೆ ಹೀಗಾಗುತ್ತದೆ, ಯಾಕೆಂದರೆ ಆ ಕೆಲಸ ಮುಗಿದ ತಕ್ಷಣ ಚಿಪ್ ತಾನಾಗಿ ರೈಟ್ ಎನೇಬಲ್ ಬಿಟ್ ಇಳಿಸಿಬಿಡುತ್ತದೆ, ನಿಮ್ಮ ಕಮಾಂಡನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಪೂರ್ತಿ 4 ಕಿಲೋಬೈಟ್ ಎಫ್‌ಎಫ್ ಆಗಿದ್ದರೆ ಬರೆದ ಮೇಲೆ ಬೇರೆ ಯಾರೋ ಎರೇಸ್ ಮಾಡಿದ್ದಾರೆ. 32 ಬೈಟ್‌ಗಳ ತುಣುಕಿನಲ್ಲಿ ಹಳೆಯ ಡೇಟಾ ಕಂಡರೆ ಕ್ಯಾಶ್ (ಮೆಮೊರಿಯ ಪ್ರತಿಯನ್ನು ಕೋರ್ ಹತ್ತಿರ ಇಟ್ಟುಕೊಳ್ಳುವ ಚಿಕ್ಕ ವೇಗದ ಮೆಮೊರಿ) ಕಡೆ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ. ಮುಂದಿನ ಪೇಜ್‌ಗೆ ಹೋಗಬೇಕಾದ್ದು ಹಿಂದಿನ ಪೇಜ್‌ನ ಮೊದಲಿಗೆ ಬಿದ್ದಿದ್ದರೆ ಅದು ಕೋರ್‌ಗಳ ತಪ್ಪಲ್ಲ: 256 ಬೈಟ್ ಗಡಿ ದಾಟಿ ಬರೆದರೆ ಚಿಪ್ ಮುಂದಿನ ಪೇಜ್‌ಗೆ ಹೋಗದೆ ಅದೇ ಪೇಜ್‌ನ ಆರಂಭಕ್ಕೆ ಸುತ್ತಿಕೊಳ್ಳುತ್ತದೆ. ಡ್ರೈವರ್ ಸರಿಮಾಡಿ, ಮುಂದೆ ಹೋಗಿ.

ಚಿಪ್ ಒಳಗಿನ ಫ್ಲ್ಯಾಶ್‌ನಲ್ಲಿ ಫೈಲ್ ಇಟ್ಟಿದ್ದರೆ ಕಥೆ ಸ್ವಲ್ಪ ಬೇರೆ. ಎಸ್‌ಟಿಎಂ32 ಎಚ್7 ಸಾಲಿನ ಎರಡು ಕೋರ್ ಚಿಪ್‌ಗಳಲ್ಲಿ (ಒಂದು ಕಾರ್ಟೆಕ್ಸ್ ಎಂ7 ಕೋರ್, ಇನ್ನೊಂದು ಎಂ4) ಬರೆಯುವ ಘಟಕ 32 ಬೈಟ್, ಅದಕ್ಕೆ ಇಸಿಸಿ (ತಪ್ಪು ಹಿಡಿದು ತಿದ್ದುವ) ಬಿಟ್‌ಗಳು ಅಂಟಿಕೊಂಡಿರುತ್ತವೆ. ಒಂದೇ ಘಟಕಕ್ಕೆ ಎರಡು ಸಲ ಬರೆದರೆ ಡೇಟಾ ಮತ್ತು ಇಸಿಸಿ ತಾಳೆಯಾಗದೆ, ಓದಲು ಹೋದಾಗ ಬಸ್ ಫಾಲ್ಟ್ ಬರಬಹುದು. ಅಲ್ಲಿ ಅಟ್ ಚಿಹ್ನೆ ಹುಡುಕಬೇಡಿ, ಇಸಿಸಿ ಎರರ್ ರಿಜಿಸ್ಟರ್ ನೋಡಿ.

ಎರಡನೇ ಕೋರ್ ಮಲಗಿಸಿ ನೋಡಿ

ಈಗ ದೋಷವನ್ನು ಭಾಗ ಮಾಡೋಣ. ಎರಡನೇ ಕೋರ್ ಅನ್ನು ಪೂರ್ತಿ ರೀಸೆಟ್‌ನಲ್ಲೇ ಹಿಡಿದಿಟ್ಟು, ಮೊದಲನೆಯದರಿಂದ ಮಾತ್ರ ಜೋರಾಗಿ ಬರೆದು ಓದುವ ಪರೀಕ್ಷೆ ಓಡಿಸಿ. ಪ್ರತಿ ದಾಖಲೆಯಲ್ಲಿ ಮೂರು ವಿಷಯ ಇರಲಿ: ಯಾವ ಕೋರ್ ಬರೆದಿದ್ದು, ಒಂದೊಂದೇ ಏರುವ ಸಂಖ್ಯೆ, ಮತ್ತು ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ಹೇಳುವ ತಾಳೆ ಸಂಖ್ಯೆ). ಸುಮ್ನೆ ಸೊನ್ನೆಗಳನ್ನೋ ಒಂದೇ ಅಕ್ಷರವನ್ನೋ ಬರೆದು ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ಒಂದರ ಮೇಲೊಂದು ಬಿದ್ದರೂ ಗೊತ್ತಾಗುವುದಿಲ್ಲ.

ಒಂದೇ ಕೋರ್ ಇದ್ದರೂ ಕೆಡುತ್ತಿದೆ ಅಂದರೆ ಡ್ರೈವರ್, ಪವರ್ ಅಥವಾ ಫೈಲ್ ಸಿಸ್ಟಮ್‌ಗೆ ಕೊಟ್ಟ ಅಳತೆಗಳು ತಪ್ಪು. ಅದನ್ನು ಸರಿಮಾಡುವ ತನಕ ಎರಡನೇ ಕೋರ್ ಸುದ್ದಿಗೆ ಹೋಗಬೇಡಿ.

ಕೆಡಲಿಲ್ಲ ಅಂದರೆ ಎರಡನೇ ಕೋರ್ ಎಬ್ಬಿಸಿ, ಆದರೆ ಫೈಲ್ ಮುಟ್ಟಲು ಬಿಡಬೇಡಿ. ಅದು ತನ್ನ ಮಾಮೂಲಿ ಬೇರೆ ಕೆಲಸ ಮಾಡಲಿ. ಈಗಲೇ ಬೋರ್ಡ್ ನಿಂತುಹೋದರೆ ಅಥವಾ ಹಾರ್ಡ್ ಫಾಲ್ಟ್ ಬಂದರೆ ಸಮಸ್ಯೆ ಫೈಲ್‌ನಲ್ಲಿಲ್ಲ, ಫ್ಲ್ಯಾಶ್‌ನಿಂದಲೇ ಕೋಡ್ ಓಡಿಸುವುದರಲ್ಲಿದೆ. ಈಗಲೂ ಸರಿ ಇದ್ದು, ಎರಡೂ ಕೋರ್ ಫೈಲ್ ಮುಟ್ಟಿದಾಗ ಮಾತ್ರ ಕೆಟ್ಟರೆ ಲಾಕ್ (ಒಂದು ಸಲಕ್ಕೆ ಒಬ್ಬರೇ ಅನ್ನುವ ಬೀಗ), ಫೈಲ್ ಸಿಸ್ಟಮ್ ಸ್ಥಿತಿ, ಕ್ಯಾಶ್ ಈ ಮೂರರಲ್ಲಿ ಒಂದು.

ಎರೇಸ್ ಹೊತ್ತಿಗೆ ನಿಂತುಹೋಗುವ ಬೋರ್ಡ್

ಕೋಡ್ ಮತ್ತು ಫೈಲ್ ಎರಡೂ ಒಂದೇ ಎಸ್‌ಪಿಐ ಫ್ಲ್ಯಾಶ್‌ನಲ್ಲಿದ್ದರೆ, ಎರೇಸ್ ಅಥವಾ ಬರೆಯುವ ಕೆಲಸ ನಡೆಯುವಾಗ ಚಿಪ್ ಓದಲು ಸಿಗುವುದಿಲ್ಲ. ಬಳಕೆಯಲ್ಲಿರುವ ಅನೇಕ ಚಿಪ್‌ಗಳಲ್ಲಿ 4 ಕಿಲೋಬೈಟ್ ಸೆಕ್ಟರ್ ಎರೇಸ್‌ಗೆ ಸಾಮಾನ್ಯವಾಗಿ 45 ಮಿಲಿಸೆಕೆಂಡ್ ಹಿಡಿಯುತ್ತದೆ, ಗರಿಷ್ಠ 400 ಮಿಲಿಸೆಕೆಂಡ್ ತನಕ ಹೋಗಬಹುದು ಅಂತ ಡೇಟಾಶೀಟ್ ಹೇಳುತ್ತದೆ. ಅಷ್ಟು ಹೊತ್ತು ಎರಡನೇ ಕೋರ್ ಒಂದೇ ಒಂದು ಇನ್‌ಸ್ಟ್ರಕ್ಷನ್ ಫ್ಲ್ಯಾಶ್‌ನಿಂದ ತರಲು ಹೋದರೂ ಕಥೆ ಮುಗಿಯಿತು. ಒಂದೋ ಕಸ ಓದಿ ಫಾಲ್ಟ್, ಇಲ್ಲವೇ ಬಸ್ ಕಾಯುತ್ತಾ ನಿಲ್ಲುವುದು.

ಬರೆಯುವ ಕೋರ್‌ನಲ್ಲಿ ಇಂಟರಪ್ಟ್ (ನಡೆಯುವ ಕೆಲಸ ತಡೆದು ಬೇರೆ ಕೋಡ್ ಓಡಿಸುವ ಸೂಚನೆ) ನಿಲ್ಲಿಸಿದ್ದೇನಲ್ಲ ಅಂತ ಅನ್ನಿಸಬಹುದು. ಅದು ಆ ಕೋರ್‌ನ ಇಂಟರಪ್ಟ್ ಮಾತ್ರ ನಿಲ್ಲಿಸುತ್ತದೆ, ಪಕ್ಕದ ಕೋರ್‌ಗೆ ಅದರ ಗಂಧಗಾಳಿಯೂ ಇರುವುದಿಲ್ಲ. ರಾಸ್ಪ್‌ಬೆರಿ ಪೈ ಪಿಕೊದಲ್ಲಿರುವ ಆರ್‌ಪಿ2040 ಚಿಪ್‌ನಲ್ಲಿ ಫ್ಲ್ಯಾಶ್ ಎರೇಸ್ ಮಾಡುವ ನೇರ ಫಂಕ್ಷನ್ ಇನ್ನೊಂದು ಕೋರ್ ಅನ್ನು ತಾನಾಗಿ ತಡೆಯುವುದಿಲ್ಲ. ಅದಕ್ಕಾಗಿ ಅದರ ಎಸ್‌ಡಿಕೆಯಲ್ಲಿ (ತಯಾರಕರು ಕೊಡುವ ಲೈಬ್ರರಿ) ಫ್ಲ್ಯಾಶ್ ಸೇಫ್ ಎಕ್ಸಿಕ್ಯೂಟ್ ಅನ್ನುವ ಬೇರೆ ಫಂಕ್ಷನ್ ಇದೆ, ಅದು ಕೆಲಸ ಮಾಡಬೇಕಾದರೆ ಎರಡನೇ ಕೋರ್ ಶುರುವಿನಲ್ಲೇ ತನ್ನ ಕಡೆಯ ಇನಿಶಿಯಲೈಸ್ ಮಾಡಿಕೊಂಡಿರಬೇಕು. ಇಎಸ್‌ಪಿ32 ಚಿಪ್‌ನಲ್ಲಿ ಅದರ ತಯಾರಕರ ಐಡಿಎಫ್ ಲೈಬ್ರರಿ ಇದನ್ನು ತಾನೇ ನೋಡಿಕೊಳ್ಳುತ್ತದೆ: ಬರೆಯುವಾಗ ಎರಡೂ ಕೋರ್‌ಗಳ ಕ್ಯಾಶ್ ಆರಿಸಿ, ಇನ್ನೊಂದು ಕೋರ್ ಅನ್ನು ಹಿಡಿದಿಡುತ್ತದೆ. ಆದರೂ ನೀವು ಒಂದು ಇಂಟರಪ್ಟ್ ಅನ್ನು ಐರ್ಯಾಮ್ ಇಂಟರಪ್ಟ್ (ಕ್ಯಾಶ್ ಆರಿದ್ದಾಗಲೂ ರ್ಯಾಮ್‌ನಿಂದ ಓಡುವಂಥದ್ದು) ಅಂತ ನೋಂದಾಯಿಸಿ, ಅದರೊಳಗಿಂದ ಫ್ಲ್ಯಾಶ್‌ನಲ್ಲಿರುವ ಫಂಕ್ಷನ್ ಕರೆದರೆ "ಕ್ಯಾಶ್ ಡಿಸೇಬಲ್ಡ್ ಬಟ್ ಕ್ಯಾಶ್ಡ್ ಮೆಮೊರಿ ರೀಜನ್ ಆಕ್ಸೆಸ್ಡ್" ಅನ್ನುವ ಪ್ಯಾನಿಕ್ ಬರುತ್ತದೆ. ಆ ಸಾಲು ಕಂಡರೆ ಬೇರೇನೂ ಹುಡುಕಬೇಡಿ, ಆ ಇಂಟರಪ್ಟ್ ಹ್ಯಾಂಡ್ಲರ್ ಏನೇನು ಮುಟ್ಟುತ್ತದೆ ಅಂತ ನೋಡಿ.

ಇಲ್ಲಿ ಜನ ಎಡವುವುದು ಫಂಕ್ಷನ್‌ನಲ್ಲಿ ಅಲ್ಲ, ಅದರ ಸುತ್ತಮುತ್ತ. ಫಂಕ್ಷನ್ ರ್ಯಾಮ್‌ನಲ್ಲಿ ಇಟ್ಟಿರುತ್ತಾರೆ, ಅದು ಕರೆಯುವ ಮೆಮ್‌ಕಾಪಿ ಫ್ಲ್ಯಾಶ್‌ನಲ್ಲಿರುತ್ತದೆ. ಸ್ವಿಚ್ ಸ್ಟೇಟ್‌ಮೆಂಟ್‌ಗೆ ಕಂಪೈಲರ್ ಮಾಡಿದ ಟೇಬಲ್ ಫ್ಲ್ಯಾಶ್‌ನಲ್ಲಿರುತ್ತದೆ. ಡೀಬಗ್ ಸಂದೇಶದ ಅಕ್ಷರಗಳು, ಕಾನ್‌ಸ್ಟ್ ಅರೇಗಳು, ಇಂಟರಪ್ಟ್ ವೆಕ್ಟರ್ ಟೇಬಲ್ ಎಲ್ಲವೂ ಅಲ್ಲೇ. ಮ್ಯಾಪ್ ಫೈಲ್ (ಯಾವ ಫಂಕ್ಷನ್ ಯಾವ ವಿಳಾಸದಲ್ಲಿದೆ ಅನ್ನುವ ಲಿಂಕರ್ ಪಟ್ಟಿ) ತೆಗೆದು ಒಂದೊಂದೇ ಹೆಸರಿನ ವಿಳಾಸ ನೋಡುವುದು ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

"ಹತ್ತರಲ್ಲಿ ಒಂದು ಸಲ ಮಾತ್ರ ಫಾಲ್ಟ್ ಬರುತ್ತದೆ, ಹಾಗಾಗಿ ಇದು ಕೋಡ್ ತಪ್ಪಲ್ಲ" ಅನ್ನುವ ವಾದವನ್ನು ನಂಬಬೇಡಿ. ಆರ್‌ಪಿ2040ರಲ್ಲಿ ಫ್ಲ್ಯಾಶ್ ಮುಂದೆ 16 ಕಿಲೋಬೈಟ್ ಕ್ಯಾಶ್ ಇದೆ. ಎರಡನೇ ಕೋರ್‌ನ ಚಿಕ್ಕ ಲೂಪ್ ಕ್ಯಾಶ್‌ನಲ್ಲೇ ಕೂತಿದ್ದರೆ ಅದು ಎರೇಸ್ ಪೂರ್ತಿ ಆರಾಮಾಗಿ ಓಡಬಹುದು. ಲೂಪ್‌ನಿಂದ ಹೊರಗೆ ಕಾಲಿಟ್ಟ ದಿನ ಬೀಳುತ್ತದೆ. ಹೊಸ ಫೀಚರ್ ಸೇರಿಸಿದ ಮೇಲೆ ಇದ್ದಕ್ಕಿದ್ದಂತೆ ಶುರುವಾಗುವ ಫಾಲ್ಟ್‌ಗಳಲ್ಲಿ ಇದೂ ಒಂದು: ಹೊಸ ಕೋಡ್‌ನದು ಏನೂ ತಪ್ಪಿರುವುದಿಲ್ಲ, ಅದು ಕ್ಯಾಶ್‌ನಿಂದ ಹಳೆಯದನ್ನು ಹೊರಗೆ ತಳ್ಳಿರುತ್ತದೆ.

ಕಾರ್ಟೆಕ್ಸ್ ಎಂ7 ಇರುವ ಬೋರ್ಡ್‌ಗಳಲ್ಲಿ ಇನ್ನೊಂದು ಕಷ್ಟ ಇದೆ. ಮೆಮೊರಿ ಮ್ಯಾಪ್ ಆದ (ಕಮಾಂಡ್ ಕಳಿಸದೆ ರ್ಯಾಮ್‌ನಂತೆ ವಿಳಾಸದಿಂದ ಓದಬಹುದಾದ) ಫ್ಲ್ಯಾಶ್ ಜಾಗವನ್ನು ಎಂಪಿಯುನಲ್ಲಿ (ಯಾವ ಜಾಗ ಹೇಗೆ ಮುಟ್ಟಬಹುದು ಅಂತ ನಿಯಮ ಹಾಕುವ ಘಟಕ) ನಾರ್ಮಲ್ ಮೆಮೊರಿ ಅಂತ ಬಿಟ್ಟರೆ, ನಿಮ್ಮ ಕೋಡ್ ಕೇಳದಿದ್ದರೂ ಕೋರ್ ಮುಂದಾಲೋಚನೆ ಮಾಡಿ ಅಲ್ಲಿಂದ ಓದಬಹುದು. ಅದೇ ಹೊತ್ತಿಗೆ ಇನ್ನೊಂದು ಕೋರ್ ಕಂಟ್ರೋಲರ್ ಅನ್ನು ಕಮಾಂಡ್ ಕಳಿಸುವ ಮೋಡ್‌ಗೆ ಬದಲಿಸಿದ್ದರೆ ಯಾರೂ ಬರೆಯದ ಓದುವಿಕೆಯಿಂದ ಫಾಲ್ಟ್. ಬಳಸದ ಜಾಗವನ್ನು ಎಂಪಿಯುನಲ್ಲಿ ಪ್ರವೇಶವಿಲ್ಲ ಅಂತ ಮುಚ್ಚಿ.

ಲಾಕ್ ಇದೆ ಅಂದುಕೊಂಡಿದ್ದೀರಿ, ನಿಜಕ್ಕೂ ಇದೆಯಾ?

ಎರಡು ಕೋರ್‌ಗಳಲ್ಲಿ ಎರಡು ಬೇರೆ ಫ್ರೀಆರ್‌ಟಿಓಎಸ್ (ಮೈಕ್ರೋಕಂಟ್ರೋಲರ್‌ಗಳ ಚಿಕ್ಕ ಆಪರೇಟಿಂಗ್ ಸಿಸ್ಟಮ್) ಓಡುತ್ತಿದ್ದರೆ, ಒಂದರ ಮ್ಯೂಟೆಕ್ಸ್ (ಅದು ಕೊಡುವ ಲಾಕ್) ಇನ್ನೊಂದಕ್ಕೆ ಕಾಣುವುದೇ ಇಲ್ಲ. ಎರಡೂ ಕಡೆ ಒಂದೇ ಹೆಸರು ಇಟ್ಟರೂ ಅವು ಎರಡು ಬೇರೆ ಮ್ಯೂಟೆಕ್ಸ್. ಒಂದೇ ಕರ್ನಲ್ ಎರಡೂ ಕೋರ್ ನೋಡಿಕೊಳ್ಳುವ ಎಸ್‌ಎಂಪಿ ವ್ಯವಸ್ಥೆಯಲ್ಲಿ ಮಾತ್ರ ಮ್ಯೂಟೆಕ್ಸ್ ನಂಬಬಹುದು. ಹಂಚಿಕೊಂಡ ರ್ಯಾಮ್‌ನಲ್ಲಿ ಒಂದು ವೊಲಟೈಲ್ ವೇರಿಯಬಲ್ ಇಟ್ಟು, ಸೊನ್ನೆ ಇದ್ದರೆ ಒಂದು ಮಾಡು ಅನ್ನುವ ಲಾಕ್ ಕೂಡ ಲಾಕ್ ಅಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಂದು ಕೋರ್ ನುಗ್ಗಬಹುದು ಅಲ್ವಾ?

ಇದಕ್ಕೆಂದೇ ಹಾರ್ಡ್‌ವೇರ್ ಕೊಟ್ಟಿದ್ದಾರೆ, ಅದನ್ನೇ ಬಳಸಿ. ಆರ್‌ಪಿ2040ರಲ್ಲಿ 32 ಸ್ಪಿನ್‌ಲಾಕ್ ಇವೆ, ಎಸ್‌ಟಿಎಂ32 ಎಚ್7ರ ಎರಡು ಕೋರ್ ಚಿಪ್‌ಗಳಲ್ಲಿ 32 ಹಾರ್ಡ್‌ವೇರ್ ಸೆಮಾಫೋರ್ ಇವೆ; ಎರಡೂ ಚಿಪ್ ಒಳಗೇ ಇರುವ ಲಾಕ್‌ಗಳು. ಎರಡೂ ಕೋರ್‌ಗಳ ಕೋಡ್ ಬೇರೆ ಪ್ರಾಜೆಕ್ಟ್ ಆಗಿದ್ದರೆ ಸೆಮಾಫೋರ್ ಸಂಖ್ಯೆ ಇರುವ ಹೆಡರ್ ಫೈಲ್ ಒಂದೇ ಇರಬೇಕು. ಕಾಪಿ ಮಾಡಿಟ್ಟ ಎರಡು ಹೆಡರ್‌ಗಳಲ್ಲಿ ಒಂದು ಬದಲಾಗಿ, ಒಬ್ಬರು 3ನೇ ಸೆಮಾಫೋರ್ ಇನ್ನೊಬ್ಬರು 4ನೇದು ಹಿಡಿದು ಇಬ್ಬರೂ ಖುಷಿಯಾಗಿ ಬರೆಯುವುದು ಸುಲಭವಾಗಿ ಆಗುವ ತಪ್ಪು.

ಪರೀಕ್ಷಿಸಲು ನನಗೆ ಬಹಳ ಇಷ್ಟವಾದ ವಿಧಾನ ಇದು. ಪ್ರತಿ ಕೋರ್‌ಗೂ ಒಂದು ಜಿಪಿಐಒ ಪಿನ್ (ಕೋಡ್‌ನಿಂದ ಮೇಲೆ ಕೆಳಗೆ ಮಾಡಬಹುದಾದ ಪಿನ್) ಕೊಡಿ. ಲಾಕ್ ಸಿಕ್ಕ ತಕ್ಷಣ ಪಿನ್ ಮೇಲೆ, ಲಾಕ್ ಬಿಡುವ ಮೊದಲು ಪಿನ್ ಕೆಳಗೆ. ಲಾಜಿಕ್ ಅನಲೈಸರ್‌ನಲ್ಲಿ ಈ ಎರಡು ಪಿನ್ ಮತ್ತು ಫ್ಲ್ಯಾಶ್‌ನ ಚಿಪ್ ಸೆಲೆಕ್ಟ್ ಗೆರೆ (ಫ್ಲ್ಯಾಶ್ ಜೊತೆ ಮಾತಾಡುವಾಗ ಮಾತ್ರ ಬದಲಾಗುವ ತಂತಿ) ಹಾಕಿ. ಎರಡು ಪಿನ್ ಒಟ್ಟಿಗೆ ಮೇಲೆ ಇರುವ ಒಂದು ಕ್ಷಣವೂ ಕಾಣಬಾರದು. ಮೆಮೊರಿ ಮ್ಯಾಪ್ ಮೂಲಕ ಓದುವ ಕೆಲಸ ಇಲ್ಲದ ಬೋರ್ಡ್ ಆದರೆ, ಎರಡೂ ಪಿನ್ ಕೆಳಗಿದ್ದಾಗ ಚಿಪ್ ಸೆಲೆಕ್ಟ್ ಅಲುಗಾಡಲೂ ಬಾರದು. ಅಲುಗಾಡಿತು ಅಂದರೆ ಲಾಕ್ ತೆಗೆದುಕೊಳ್ಳದೆ ಫ್ಲ್ಯಾಶ್ ಮುಟ್ಟುವ ಮೂರನೆಯವರು ಯಾರೋ ಇದ್ದಾರೆ, ಬಹುಪಾಲು ಅದು ಫರ್ಮ್‌ವೇರ್ ಅಪ್‌ಡೇಟ್ ಕೋಡ್ ಅಥವಾ ಕ್ರ್ಯಾಶ್ ದಾಖಲಿಸುವ ಹ್ಯಾಂಡ್ಲರ್.

ಲಾಕ್ ಎಷ್ಟು ಹೊತ್ತು ಹಿಡಿದಿರುತ್ತೀರಿ ಅನ್ನುವುದೂ ಮುಖ್ಯ. ರೈಟ್ ಎನೇಬಲ್, ಬರೆಯುವ ಕಮಾಂಡ್, ಬ್ಯುಸಿ ಬಿಟ್ (ಚಿಪ್ ಇನ್ನೂ ಕೆಲಸದಲ್ಲಿದೆ ಅನ್ನುವ ಗುರುತು) ಇಳಿಯುವ ತನಕ ಕಾಯುವುದು, ಈ ಮೂರೂ ಒಂದೇ ಲಾಕ್ ಒಳಗೆ ಆಗಬೇಕು. ಒಂದೊಂದು ಎಸ್‌ಪಿಐ ಕಳಿಸುವಿಕೆಗೂ ಲಾಕ್ ಹಿಡಿದು ಬಿಡುವ ಡ್ರೈವರ್ ಹೊರಗಿಂದ ಶಿಸ್ತಾಗಿ ಕಾಣುತ್ತದೆ, ಕಾಪಾಡುವುದು ಏನನ್ನೂ ಇಲ್ಲ.

ಲಾಕ್ ಸರಿ ಇದ್ದರೂ ಕೆಡುವುದು

ಇದೇ ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ದೋಷ. ಪಿನ್‌ಗಳು ಸರಿ, ಬೈಟ್‌ಗಳು ಸರಿ, ಪ್ರತಿ ಬರವಣಿಗೆ ಓದಿ ನೋಡಿದರೆ ಬರೆದಿದ್ದೇ ಇದೆ. ಆದರೂ ಕೆಲವು ದಿನಕ್ಕೆ ಫೈಲ್ ಸಿಸ್ಟಮ್ ಹಾಳು.

ಕಾರಣ, ಫೈಲ್ ಸಿಸ್ಟಮ್ ಫ್ಲ್ಯಾಶ್‌ನಲ್ಲಿ ಮಾತ್ರ ಇರುವುದಿಲ್ಲ, ಅರ್ಧ ರ್ಯಾಮ್‌ನಲ್ಲಿರುತ್ತದೆ. ಮೈಕ್ರೋಕಂಟ್ರೋಲರ್‌ಗಳಿಗೆಂದೇ ಮಾಡಿದ ಲಿಟಲ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ತೆಗೆದುಕೊಳ್ಳಿ. ಅದು ಹಳೆಯ ಜಾಗಕ್ಕೆ ಮತ್ತೆ ಬರೆಯುವುದಿಲ್ಲ, ಪ್ರತಿ ಬದಲಾವಣೆಗೂ ಖಾಲಿ ಬ್ಲಾಕ್ ಹುಡುಕಿ ಅಲ್ಲಿ ಬರೆದು ಕೊನೆಗೆ ಮೆಟಾಡೇಟಾ (ಯಾವ ಫೈಲ್ ಎಲ್ಲಿದೆ ಅನ್ನುವ ವಿವರ) ಬದಲಿಸುತ್ತದೆ. ಪವರ್ ಹೋದರೂ ಅದು ಬದುಕುವುದು ಇದರಿಂದಲೇ. ಯಾವ ಬ್ಲಾಕ್ ಖಾಲಿ ಅನ್ನುವ ಪಟ್ಟಿ ಫ್ಲ್ಯಾಶ್‌ನಲ್ಲಿ ಇರುವುದಿಲ್ಲ, ಲುಕ್‌ಅಹೆಡ್ ಬಫರ್ ಅಂತ ರ್ಯಾಮ್‌ನಲ್ಲಿರುತ್ತದೆ. ಈಗ ಎರಡೂ ಕೋರ್ ಅದೇ ಫ್ಲ್ಯಾಶ್ ಅನ್ನು ಬೇರೆ ಬೇರೆಯಾಗಿ ಮೌಂಟ್ ಮಾಡಿದವು ಅಂದುಕೊಳ್ಳಿ. ಮೊದಲ ಕೋರ್ 40ನೇ ಬ್ಲಾಕ್ ಖಾಲಿ ಅಂತ ನೋಡಿ ಅಲ್ಲಿ ಫೈಲ್ ಬರೆಯಿತು, ಲಾಕ್ ಬಿಟ್ಟಿತು. ಎರಡನೇ ಕೋರ್ ಲಾಕ್ ಹಿಡಿಯಿತು, ಅದರ ಪಟ್ಟಿಯಲ್ಲಿ 40 ಇನ್ನೂ ಖಾಲಿ. ಎರೇಸ್ ಮಾಡಿತು, ತನ್ನದು ಬರೆಯಿತು, ಲಾಕ್ ಬಿಟ್ಟಿತು. ಯಾರೂ ನಿಯಮ ಮುರಿಯಲಿಲ್ಲ. ಒಂದೇ ಲೆಕ್ಕದ ಪುಸ್ತಕವನ್ನು ಇಬ್ಬರು ಸರದಿಯಲ್ಲೇ ಬರೆದರೂ, ಕೊನೆಯ ಸಾಲು ಎಲ್ಲಿತ್ತು ಅಂತ ಪುಟ ನೋಡದೆ ನೆನಪಿನಿಂದ ಬರೆದರೆ ಆಗುವುದು ಇದೇ.

ಎರರ್ ಆಗಲೇ ಬರುವುದಿಲ್ಲ. ಮೊದಲ ಕೋರ್ ಆ ಫೈಲ್ ಮತ್ತೆ ಓದಿದಾಗ ತಪ್ಪು ಡೇಟಾ ಸಿಗುತ್ತದೆ. ಡೇಟಾ ಬ್ಲಾಕ್‌ಗೆ ಲಿಟಲ್‌ಎಫ್‌ಎಸ್ ಸಿಆರ್‌ಸಿ ನೋಡುವುದಿಲ್ಲ, ಹಾಗಾಗಿ ಸುಮ್ಮನೆ ಕೊಟ್ಟುಬಿಡುತ್ತದೆ. ಹೀಗೆ ತುಳಿದಿದ್ದು ಮೆಟಾಡೇಟಾ ಬ್ಲಾಕ್ ಆಗಿದ್ದರೆ ಮಾತ್ರ ಮೈನಸ್ 84, ಅಂದರೆ ಕರಪ್ಟ್ ಅನ್ನುವ ಎರರ್. ಅದು ಬರುವ ಹೊತ್ತಿಗೆ ತಪ್ಪು ನಡೆದು ಎಷ್ಟೋ ಕಾಲ ಆಗಿರುತ್ತದೆ.

ಪಿಸಿಯ ಫ್ಯಾಟ್ ಫೈಲ್ ಸಿಸ್ಟಮ್ ಬಳಸುವ ಫ್ಯಾಟ್‌ಎಫ್‌ಎಸ್ ಲೈಬ್ರರಿಯಲ್ಲೂ ಇದೇ ಕಥೆ, ಹೆಸರು ಬೇರೆ. ಅದು ಒಂದು ಸೆಕ್ಟರನ್ನು ತನ್ನ ಬಫರ್‌ನಲ್ಲಿ ಇಟ್ಟುಕೊಂಡಿರುತ್ತದೆ, ಕೊನೆಗೆ ಕೊಟ್ಟ ಕ್ಲಸ್ಟರ್ (ಫೈಲ್‌ಗೆ ಕೊಡುವ ಜಾಗದ ತುಣುಕು) ಯಾವುದು ಅಂತ ನೆನಪಿಟ್ಟುಕೊಂಡಿರುತ್ತದೆ. ಎರಡು ಮೌಂಟ್ ಇದ್ದರೆ ಎರಡು ಫೈಲ್‌ಗಳ ಕ್ಲಸ್ಟರ್ ಸರಪಳಿ ಒಂದಕ್ಕೊಂದು ಗಂಟು ಬೀಳುತ್ತದೆ. ಡಂಪ್ ಅನ್ನು ಪಿಸಿಯಲ್ಲಿ ಡಿಸ್ಕ್ ಪರೀಕ್ಷಿಸುವ ಟೂಲ್‌ಗೆ ಕೊಟ್ಟಾಗ ಕ್ರಾಸ್ ಲಿಂಕ್ (ಒಂದೇ ಕ್ಲಸ್ಟರ್ ಎರಡು ಫೈಲ್‌ಗಳಲ್ಲಿ) ಅಂತ ಹೇಳಿದರೆ ಇದೇ ಅಂತ ಬಲವಾಗಿ ಅನುಮಾನಿಸಿ. ಫ್ಯಾಟ್‌ಎಫ್‌ಎಸ್‌ನ ರೀಎಂಟ್ರಂಟ್ ಆಯ್ಕೆ ಹಾಕಿದರೆ ಸಾಕು ಅನ್ನುವ ಸಲಹೆ ಸಿಗಬಹುದು. ಆ ಆಯ್ಕೆ ಒಂದೇ ಮೌಂಟ್ ಅನ್ನು ಹಲವು ಟಾಸ್ಕ್‌ಗಳಿಂದ ಕಾಪಾಡುತ್ತದೆ, ಎರಡು ಮೌಂಟ್‌ಗಳನ್ನು ಒಂದು ಮಾಡುವುದಿಲ್ಲ. ಲಿಟಲ್‌ಎಫ್‌ಎಸ್‌ನ ಥ್ರೆಡ್‌ಸೇಫ್ ಆಯ್ಕೆಯೂ ಹಾಗೆಯೇ.

"ಎರಡನೇ ಕೋರ್ ಓದುತ್ತದೆ ಅಷ್ಟೇ, ಬರೆಯುವುದಿಲ್ಲ" ಅನ್ನುವುದೂ ಸಮಾಧಾನ ಅಲ್ಲ. ಫ್ಲ್ಯಾಶ್ ಕೆಡುವುದಿಲ್ಲ ನಿಜ, ಆದರೆ ಅದು ಹಿಂದೆ ಓದಿಟ್ಟುಕೊಂಡ ಬ್ಲಾಕ್ ಸಂಖ್ಯೆಯಲ್ಲಿ ಈಗ ಬೇರೆ ಫೈಲ್ ಕೂತಿರಬಹುದು. ತಪ್ಪು ಡೇಟಾವನ್ನು ಸರಿಯಾದದ್ದು ಅಂತ ಓದುತ್ತದೆ.

ಇನ್ನು ಕೆಲವರು ಫೈಲ್ ಸಿಸ್ಟಮ್ ಸ್ಟ್ರಕ್ಚರ್ ಅನ್ನೇ ಹಂಚಿಕೊಂಡ ರ್ಯಾಮ್‌ನಲ್ಲಿಟ್ಟು ಎರಡೂ ಕೋರ್‌ನಿಂದ ಬಳಸಲು ಹೋಗುತ್ತಾರೆ. ಎರಡು ಕೋರ್‌ಗೆ ಬೇರೆ ಬೇರೆ ಫರ್ಮ್‌ವೇರ್ ಇದ್ದರೆ ಇದು ನಡೆಯುವುದಿಲ್ಲ. ಲಿಟಲ್‌ಎಫ್‌ಎಸ್ ಕಾನ್ಫಿಗ್ ಒಳಗೆ ಓದುವ, ಬರೆಯುವ, ಎರೇಸ್ ಮಾಡುವ ಫಂಕ್ಷನ್‌ಗಳ ವಿಳಾಸ ಇರುತ್ತದೆ. ಆ ವಿಳಾಸ ಮೊದಲ ಕೋರ್‌ನ ಫರ್ಮ್‌ವೇರ್‌ನದು. ಎರಡನೇ ಕೋರ್ ಅಲ್ಲಿಗೆ ಹಾರಿದರೆ ಎಲ್ಲಿ ಬೀಳುತ್ತದೋ ಹೇಳಲಾಗದು, ಎಂ7 ಗಾಗಿ ಕಂಪೈಲ್ ಆದ ಕೋಡ್ ಎಂ4 ಮೇಲೆ ಓಡುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ನಾನು ಒಪ್ಪುವ ಪರಿಹಾರ ಒಂದೇ: ಒಂದು ಕೋರ್ ಮಾತ್ರ ಫ್ಲ್ಯಾಶ್‌ನ ಯಜಮಾನ. ಫೈಲ್ ಸಿಸ್ಟಮ್ ಅದರ ಬಳಿ ಮಾತ್ರ. ಇನ್ನೊಂದು ಕೋರ್‌ಗೆ ಏನಾದರೂ ಬೇಕಾದರೆ ಹಂಚಿಕೊಂಡ ರ್ಯಾಮ್‌ನಲ್ಲಿ ಕೋರಿಕೆ ಇಟ್ಟು, ಮೇಲ್‌ಬಾಕ್ಸ್ ಇಂಟರಪ್ಟ್ ಕೊಟ್ಟು, ಉತ್ತರಕ್ಕೆ ಕಾಯುತ್ತದೆ. ಓಪನ್‌ಎಎಂಪಿಯ ಆರ್‌ಪಿಎಂಎಸ್‌ಜಿ (ಕೋರ್‌ಗಳ ನಡುವೆ ಸಂದೇಶ ಕಳಿಸುವ ಸಿದ್ಧ ಲೈಬ್ರರಿ) ಬಳಸಬಹುದು, ಅಷ್ಟು ಬೇಡವೆಂದರೆ ನಾಲ್ಕೈದು ಕೋರಿಕೆಗಳ ಚಿಕ್ಕ ಕ್ಯೂ ಸಾಕು. ನಿಧಾನ ಆಗುತ್ತದೆ ಅಂತ ಹೆದರಬೇಡಿ, ಎರೇಸ್‌ಗೆ ಹತ್ತಾರು ಮಿಲಿಸೆಕೆಂಡ್ ಹೋಗುವ ಕಡೆ ಸಂದೇಶ ಕಳಿಸುವ ಮೈಕ್ರೋಸೆಕೆಂಡ್‌ಗಳು ಲೆಕ್ಕಕ್ಕಿಲ್ಲ. ಹಾಗೆ ಆಗುವುದೇ ಇಲ್ಲ ಅಂದರೆ ಫ್ಲ್ಯಾಶ್ ಅನ್ನು ಎರಡು ಭಾಗ ಮಾಡಿ, ಪ್ರತಿ ಕೋರ್‌ಗೆ ತನ್ನದೇ ಫೈಲ್ ಸಿಸ್ಟಮ್ ಕೊಡಿ. ಆಗ ಡ್ರೈವರ್ ಮಟ್ಟದ ಹಾರ್ಡ್‌ವೇರ್ ಲಾಕ್ ಸಾಕಾಗುತ್ತದೆ.

ಕ್ಯಾಶ್

ಸಂದೇಶದ ದಾರಿ ಹಿಡಿದ ಮೇಲೆ ಹೊಸದಾಗಿ ಬರುವ ದೋಷ ಇದು. ಎಂ7 ಕೋರ್‌ನ ಡೇಟಾ ಕ್ಯಾಶ್ ಸಾಲು 32 ಬೈಟ್. ಅದು ಬರೆದದ್ದು ಕ್ಯಾಶ್‌ನಲ್ಲೇ ಉಳಿದು ರ್ಯಾಮ್‌ಗೆ ಇಳಿಯದಿದ್ದರೆ, ಇನ್ನೊಂದು ಕೋರ್‌ಗೂ ಡಿಎಂಎಗೂ (ಕೋರ್ ಇಲ್ಲದೆ ಡೇಟಾ ಸಾಗಿಸುವ ಘಟಕ) ಹಳೆಯದೇ ಕಾಣುತ್ತದೆ. ಕಳಿಸುವ ಮೊದಲು ಕ್ಲೀನ್ (ಕ್ಯಾಶ್‌ನದನ್ನು ರ್ಯಾಮ್‌ಗೆ ಇಳಿಸುವುದು), ಓದುವ ಮೊದಲು ಇನ್‌ವ್ಯಾಲಿಡೇಟ್ (ಕ್ಯಾಶ್‌ನ ಪ್ರತಿ ಬಿಸಾಕುವುದು). ಬಫರ್ 32ರ ಗಡಿಯಲ್ಲಿ ಶುರುವಾಗಬೇಕು, ಅಳತೆಯೂ 32ರ ಗುಣಕ ಆಗಿರಬೇಕು. ಇಲ್ಲದಿದ್ದರೆ ಪಕ್ಕದ ವೇರಿಯಬಲ್ ಅದೇ ಸಾಲಿನಲ್ಲಿದ್ದು, ಇನ್‌ವ್ಯಾಲಿಡೇಟ್ ಮಾಡಿದಾಗ ಅದರ ಹೊಸ ಬೆಲೆ ಕಳೆದುಹೋಗುತ್ತದೆ.

ಡೇಟಾ ಕ್ಯಾಶ್ ಪೂರ್ತಿ ಆರಿಸಿ ದೋಷ ಮಾಯವಾದರೆ ಕ್ಯಾಶ್ ಅಂತ ತೀರ್ಮಾನ ಮಾಡುವುದು ಸಾಮಾನ್ಯ. ಅವಸರ ಬೇಡ. ಕ್ಯಾಶ್ ಆರಿಸಿದರೆ ಇಡೀ ಪ್ರೋಗ್ರಾಮ್ ನಿಧಾನವಾಗುತ್ತದೆ, ಲಾಕ್ ದೋಷವೂ ಅದರಿಂದ ಮರೆಯಾಗಬಹುದು. ಹಂಚಿಕೊಂಡ ಬಫರ್ ಇರುವ ಜಾಗವನ್ನು ಮಾತ್ರ ಎಂಪಿಯುನಲ್ಲಿ ಕ್ಯಾಶ್ ಆಗದ ಜಾಗ ಅಂತ ಗುರುತಿಸಿ ನೋಡಿ. ಆಗಲೂ ದೋಷ ಹೋದರೆ ಸರಿ, ಕ್ಯಾಶ್‌ನದೇ. ನನ್ನ ಪ್ರಕಾರ ಆ ಏರ್ಪಾಟನ್ನೇ ಹಾಗೇ ಬಿಟ್ಟುಬಿಡುವುದು ಒಳ್ಳೆಯದು.

ಎಚ್7ರಲ್ಲಿ ಬಫರ್ ಡಿಟಿಸಿಎಂ ರ್ಯಾಮ್‌ನಲ್ಲಿ ಇಟ್ಟಿಲ್ಲ ತಾನೇ? ಅದು ಎಂ7ರ ಖಾಸಗಿ ರ್ಯಾಮ್. ಎಂ4ಗೆ ಕಾಣುವುದಿಲ್ಲ, ಸಾಮಾನ್ಯ ಡಿಎಂಎಗಳಿಗೂ ಕಾಣುವುದಿಲ್ಲ.

ಮೆಮೊರಿ ಮ್ಯಾಪ್ ಜಾಗದಿಂದ ಓದಿ ಬರೆದದ್ದನ್ನು ಪರೀಕ್ಷಿಸುವವರು ಇನ್ನೊಂದು ವಿಷಯ ನೋಡಿ. ಕ್ಯಾಶ್‌ನಲ್ಲಿ ಹಳೆಯ ಪ್ರತಿ ಕೂತಿದ್ದರೆ ಫ್ಲ್ಯಾಶ್ ಸರಿ ಇದ್ದರೂ ತಪ್ಪು ಅಂತ ಕಾಣುತ್ತದೆ. ಓದುವ ಕಮಾಂಡ್ ನೇರವಾಗಿ ಕಳಿಸಿ ಹೋಲಿಸಿ.

ರೀಸೆಟ್ ಆದ ಮೇಲೆ

ಒಂದು ಕೋರ್ ಲಾಕ್ ಹಿಡಿದಾಗಲೇ ವಾಚ್‌ಡಾಗ್ (ಕೋಡ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಟೈಮರ್) ಅದನ್ನು ಮಾತ್ರ ರೀಸೆಟ್ ಮಾಡಿದರೆ, ಹಾರ್ಡ್‌ವೇರ್ ಸೆಮಾಫೋರ್ ಹಿಡಿದ ಸ್ಥಿತಿಯಲ್ಲೇ ಉಳಿಯಬಹುದು. ಇನ್ನೊಂದು ಕೋರ್ ಕೊನೆಯಿಲ್ಲದೆ ಕಾಯುತ್ತದೆ. ಸೆಮಾಫೋರ್ ರಿಜಿಸ್ಟರ್‌ನಲ್ಲಿ ಹಿಡಿದವರ ಕೋರ್ ಸಂಖ್ಯೆ ಇರುತ್ತದೆ, ಡೀಬಗರ್‌ನಲ್ಲಿ ಅದನ್ನೇ ಮೊದಲು ನೋಡಿ. ಶುರುವಿನಲ್ಲಿ ತನ್ನ ಹಳೆಯ ಲಾಕ್ ಬಿಡಿಸುವ ಕೋಡ್ ಬೇಕು, ಆದರೆ ಬಿಡಿಸುವ ಮೊದಲು 05 ಕಮಾಂಡ್‌ನಿಂದ ಸ್ಟೇಟಸ್ ಓದಿ, ಕೊನೆಯ ಬಿಟ್ 1 ಇದ್ದರೆ ಅದು ಇಳಿಯುವ ತನಕ ಕಾಯಿರಿ. ಕೋರ್ ರೀಸೆಟ್ ಆಗಿರಬಹುದು, ಫ್ಲ್ಯಾಶ್ ಒಳಗೆ ಹಳೆಯ ಎರೇಸ್ ಇನ್ನೂ ನಡೆಯುತ್ತಿರುತ್ತದೆ.

ಪವರ್ ತೆಗೆದು ಹಾಕಿದರೆ ಬೂಟ್ ಆಗುತ್ತದೆ, ರೀಸೆಟ್ ಒತ್ತಿದರೆ ಆಗುವುದಿಲ್ಲವೇ? ಚಿಪ್ 16 ಮೆಗಾಬೈಟ್‌ಗಿಂತ ದೊಡ್ಡದಾ ನೋಡಿ. ನಿಮ್ಮ ಡ್ರೈವರ್ ಅದನ್ನು 4 ಬೈಟ್ ವಿಳಾಸದ ಮೋಡ್‌ಗೆ ಹಾಕಿ ಬಿಟ್ಟಿರುತ್ತದೆ, ಬೂಟ್ ರೋಮ್ 3 ಬೈಟ್ ವಿಳಾಸ ಕಳಿಸುತ್ತದೆ. ಫ್ಲ್ಯಾಶ್‌ನ ರೀಸೆಟ್ ಪಿನ್ ಅನ್ನು ಬೋರ್ಡ್ ರೀಸೆಟ್‌ಗೆ ಜೋಡಿಸಿ, ಇಲ್ಲವೇ ಮೋಡ್ ಬದಲಿಸದೆ 4 ಬೈಟ್ ವಿಳಾಸ ತೆಗೆದುಕೊಳ್ಳುವ ಬೇರೆ ಕಮಾಂಡ್‌ಗಳನ್ನು ಬಳಸಿ.

ವಾಚ್‌ಡಾಗ್ ಸಮಯವನ್ನು ಎರೇಸ್‌ನ ಸಾಮಾನ್ಯ ಸಮಯಕ್ಕೆ ಅಲ್ಲ, ಗರಿಷ್ಠ ಸಮಯಕ್ಕೆ ಲೆಕ್ಕ ಹಾಕಿ. ಲಾಕ್‌ಗೆ ಕಾಯುವ ಟೈಮ್‌ಔಟ್ ಕೂಡ ಹಾಗೆಯೇ. ಮೇಜಿನ ಮೇಲೆ 45 ಮಿಲಿಸೆಕೆಂಡ್‌ನಲ್ಲಿ ಮುಗಿಯುವ ಎರೇಸ್, ಚಿಪ್ ಹಳೆಯದಾದ ಮೇಲೆ ಅಷ್ಟರಲ್ಲೇ ಮುಗಿಯುವುದಿಲ್ಲ.

ಚಿಪ್ ನಿಜಕ್ಕೂ ಸವೆದಿದೆಯಾ?

ಆಗಬಹುದು, ಆದರೆ ಲೆಕ್ಕ ಮಾಡಿ ಹೇಳಿ. ಸಾಮಾನ್ಯ ನಾರ್ ಚಿಪ್‌ನ ಸೆಕ್ಟರ್ 1,00,000 ಎರೇಸ್ ತಾಳುತ್ತದೆ. ಕೋರ್ ಒಂದು ಸೆಕೆಂಡಿಗೊಮ್ಮೆ ಅದೇ ಸೆಕ್ಟರ್ ಎರೇಸ್ ಮಾಡಿ ಸ್ಥಿತಿ ಬರೆಯುತ್ತಿದ್ದರೆ ಸುಮಾರು 28 ಗಂಟೆಯಲ್ಲಿ ಆ ಮಿತಿ ಮುಗಿಯುತ್ತದೆ. ಎರಡು ಕೋರ್ ಬರೆದರೆ 14. ಇಂಥ ಕೋಡ್ ಇಲ್ಲ ಅಂತಾದರೆ ಚಿಪ್ ಮೇಲೆ ತಪ್ಪು ಹೊರಿಸಬೇಡಿ.

ಪವರ್ ಬಗ್ಗೆಯೂ ಒಂದು ಮಾತು. ಎರಡನೇ ಕೋರ್ ಎದ್ದಾಗ ಅಥವಾ ರೇಡಿಯೋ ಶುರುವಾದಾಗ ವೋಲ್ಟೇಜ್ ಕುಸಿದರೆ, ಕೋರ್ ಓಡುತ್ತಲೇ ಇದ್ದು ಫ್ಲ್ಯಾಶ್ ಮಾತ್ರ ಅರೆಬರೆ ಬರೆಯಬಹುದು. ಬ್ರೌನ್‌ಔಟ್ ಮಿತಿ (ಅದಕ್ಕಿಂತ ವೋಲ್ಟೇಜ್ ಇಳಿದರೆ ಚಿಪ್ ತಾನಾಗಿ ರೀಸೆಟ್ ಆಗುವ ಮಟ್ಟ) ಫ್ಲ್ಯಾಶ್‌ನ ಕನಿಷ್ಠ ವೋಲ್ಟೇಜ್‌ಗಿಂತ ಮೇಲಿರಲಿ. ಆಸಿಲೋಸ್ಕೋಪ್ ಫ್ಲ್ಯಾಶ್‌ನ ಪಿನ್ ಮೇಲೇ ಇಡಿ, ರೆಗ್ಯುಲೇಟರ್ ಹತ್ತಿರ ಅಲ್ಲ.

ಇಷ್ಟಾದರೂ ಸಿಗದಿದ್ದರೆ

ರ್ಯಾಮ್‌ನಲ್ಲಿ ಒಂದು ರಿಂಗ್ ಬಫರ್ (ತುಂಬಿದ ಮೇಲೆ ಹಳೆಯದರ ಮೇಲೆ ಬರೆಯುವ ಪಟ್ಟಿ) ಇಡಿ, ಪ್ರತಿ ಕೋರ್‌ಗೆ ಬೇರೆ ಬೇರೆ. ಡ್ರೈವರ್‌ನ ಪ್ರತಿ ಕರೆಗೂ ಒಂದು ಸಾಲು: ಕೋರ್ ಸಂಖ್ಯೆ, ಎರಡೂ ಕೋರ್‌ಗೆ ಕಾಣುವ ಒಂದೇ ಟೈಮರ್‌ನ ಹೊತ್ತು, ಓದು, ಬರೆ, ಎರೇಸ್‌ನಲ್ಲಿ ಯಾವುದು, ವಿಳಾಸ, ಉದ್ದ. ರೀಸೆಟ್ ಆದರೂ ಅಳಿಯದ ರ್ಯಾಮ್ ಭಾಗದಲ್ಲಿ ಇದನ್ನು ಇಡಿ. ಯುಎಆರ್‌ಟಿಗೆ (ಸೀರಿಯಲ್ ಪೋರ್ಟ್) ಮುದ್ರಿಸಲು ಹೋಗಬೇಡಿ, ಅದು ಹೊತ್ತನ್ನೇ ಬದಲಿಸಿ ದೋಷವನ್ನು ಅಡಗಿಸುತ್ತದೆ. ದೋಷ ಬಂದಾಗ ಎರಡು ಬಫರ್‌ಗಳನ್ನು ಹೊತ್ತಿನ ಪ್ರಕಾರ ಜೋಡಿಸಿ, ಡಂಪ್‌ನಲ್ಲಿ ಕೆಟ್ಟ ವಿಳಾಸವನ್ನು ಕೊನೆಗೆ ಮುಟ್ಟಿದವರು ಯಾರು ಅಂತ ಹುಡುಕಿ. ನೂರಾರು ಸಾಲು ಕೋಡ್ ಓದಿ ಊಹಿಸುವುದಕ್ಕಿಂತ ಈ ಒಂದು ಪಟ್ಟಿ ಜಾಸ್ತಿ ಹೇಳುತ್ತದೆ.

ಸರಿಮಾಡಿದ ಮೇಲೆ ಹಳೆಯ ಫೈಲ್ ಸಿಸ್ಟಮ್ ಮೇಲೇ ಪರೀಕ್ಷೆ ಶುರುಮಾಡಬೇಡಿ. ಹಿಂದೆ ತುಳಿದ ಬ್ಲಾಕ್‌ಗಳು ಅಲ್ಲಿ ಹಾಗೇ ಕೂತಿರುತ್ತವೆ, ಸರಿಮಾಡಿದ ಕೋಡ್ ಅವನ್ನು ಓದಿದ ದಿನ ಮತ್ತೆ ಮೈನಸ್ 84 ಬರುತ್ತದೆ, ನೀವು ಸರಿಯಾದ ಪರಿಹಾರವನ್ನೇ ತೆಗೆದುಹಾಕುತ್ತೀರಿ. ಇಡೀ ಫ್ಲ್ಯಾಶ್ ಎರೇಸ್ ಮಾಡಿ, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಎರಡೂ ಕೋರ್‌ನಿಂದ ಕೋರಿಕೆಗಳನ್ನು ಜೋರಾಗಿ ಕಳಿಸುತ್ತಾ, ಮನಸ್ಸಿಗೆ ಬಂದ ಹೊತ್ತಿನಲ್ಲಿ ಪವರ್ ಕಡಿಯುವ ರಿಲೇ ಒಂದನ್ನು ಜೋಡಿಸಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಸಂಖ್ಯೆಗಳಲ್ಲಿ ಅಂತರ ಇದೆಯಾ, ಸಿಆರ್‌ಸಿ ತಪ್ಪಿದೆಯಾ ನೋಡಿ. ಪವರ್ ಕಡಿದಾಗ ಬರೆಯುತ್ತಿದ್ದ ದಾಖಲೆ ಹೋಗಿದ್ದರೆ ತೊಂದರೆ ಇಲ್ಲ. ಅದಕ್ಕೂ ಮೊದಲೇ ಬರೆದು ಮುಗಿದು ಸಿಂಕ್ ಆಗಿದ್ದ ದಾಖಲೆ ಒಂದು ಹೋಗಿದ್ದರೂ ಮತ್ತೆ ಡಂಪ್ ತೆಗೆಯಿರಿ.